ಎರಡೂವರೆ ಗಂಟೆಯ ಲೆಕ್ಕ

ಸಿಂಗಪುರದ ತಂಜಾಂಗ್ ಪಗಾರಿನ ಆಫೀಸನ್ನು ಸುಮ್ಮನೆ ಬೈಯಬೇಡ, ಮಾರಾಯ. ಅವರು ಆರೂವರೆಗೇ ನಿನ್ನನ್ನು ಬಿಡುತ್ತಾರೆ. ನಿನ್ನ ಸಂಜೆ ನುಂಗುತ್ತಿರುವುದು ನಮ್ಮ ಬೆಂಗಳೂರೇ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಳ್ಳಂದೂರಿನ ಆಫೀಸಿನವರು ಕಾಫಿ ಕುಡಿದು ನಾಲ್ಕೂವರೆಗೆ ‘ಒಂದು ಸಣ್ಣ ಕಾಲ್’ ಅಂದರೆ ನಿನಗೆ ಏಳು. ಟ್ಯಾಂಪನೀಸ್ ಕಡೆಯ ರೈಲಿನಲ್ಲಿ ಕೈಗೆ ಹಿಡಿಕೆ, ಕಿವಿಗೆ ಮೀಟಿಂಗು. ಬಾಗಿಲು ತೆಗೆದ ಮಗಳು ‘ಅಪ್ಪಾ’ ಅಂದರೆ ನೀನು ತುಟಿಗೆ ಬೆರಳಿಡುತ್ತೀಯ. ನಾವು ಬಂದಿದ್ದಾಗ ದಿನಾ ನೋಡಿದ್ದು ಇದನ್ನೇ.

ಅಮೋಯ್ ಸ್ಟ್ರೀಟ್ ಫುಡ್ ಸೆಂಟರಿನಲ್ಲಿ ಊಟ ಮುಗಿಸಿ ಮೂರಕ್ಕೆ ನೀನು ಕೂತರೆ ಬೆಂಗಳೂರಲ್ಲಿ ಹನ್ನೆರಡೂವರೆ. ಆ ಹೊತ್ತಿಗೆ ಕಾಲ್ ಇಡಿ ಅಂತ ನೀನೇ ಹೇಳಬೇಕು. ಅವರೇನು ಕೆಟ್ಟವರಲ್ಲ, ನಿನ್ನ ಗಡಿಯಾರ ಅವರಿಗೆ ಕಾಣುವುದಿಲ್ಲ, ಅಷ್ಟೇ.

ಬಾಯಿಮಾತಿಗೆ ಜಗ್ಗದಿದ್ದರೆ ನಿನ್ನ ಕಂಪನಿಗೆ ಬರೆದು ಕೊಡು. 2024ರ ಡಿಸೆಂಬರ್ 1ರಿಂದ ಸಿಂಗಪುರದಲ್ಲಿ ಒಂದು ಮಾರ್ಗಸೂಚಿ ಜಾರಿಯಲ್ಲಿದೆ. ಪ್ರೊಬೇಷನ್ ಮುಗಿಸಿದ ನೌಕರ ಕೆಲಸದ ಹೊತ್ತು ಬದಲಿಸಿ ಎಂದೋ, ವಾರಕ್ಕೆ ಒಂದೆರಡು ದಿನ ಮನೆಯಿಂದ ಮಾಡುತ್ತೇನೆ ಎಂದೋ ಬರೆದು ಕೇಳಿದರೆ ಕಂಪನಿ 2 ತಿಂಗಳೊಳಗೆ ಬರಹದಲ್ಲೇ ಉತ್ತರಿಸಬೇಕು. ಒಪ್ಪಲೇಬೇಕೆಂದಿಲ್ಲ. ಆದರೆ ಒಲ್ಲೆ ಎಂದರೆ ಕೆಲಸಕ್ಕೆ ಸಂಬಂಧಪಟ್ಟ ಕಾರಣ ಕೊಡಬೇಕು. ‘ನಮ್ಮಲ್ಲಿ ಹಾಗೆ ರೂಢಿಯಿಲ್ಲ’ ಅನ್ನುವುದು ನಡೆಯುವುದಿಲ್ಲ. ಎಂಪ್ಲಾಯ್‌ಮೆಂಟ್ ಪಾಸ್ ಎಂಬ ಕೆಲಸದ ಪರವಾನಗಿಯ ಮೇಲಿರುವವನು ಬಾಯಿ ಬಿಡಲು ಹೆದರುತ್ತಾನೆ, ನನಗೂ ಗೊತ್ತು. ಅದಕ್ಕೇ ಜಗಳದ ದನಿ ಬೇಡ. ಯಾವ ಕೆಲಸ ಯಾವ ಹೊತ್ತಿಗೆ ಮುಗಿಸಿಕೊಡುತ್ತೀ ಅಂತ ಪಟ್ಟಿ ಸಮೇತ ಕೇಳು.

ಇನ್ನೊಂದು ಮಾತು. ಅಲ್ಲಿನ ಶಾಲೆಗಳ ಮಾತೃಭಾಷೆ ಪಟ್ಟಿಯಲ್ಲಿ ತಮಿಳಿದೆ, ಹಿಂದಿಯಿದೆ, ಕನ್ನಡವಿಲ್ಲ. ಕನ್ನಡ ಸಂಘದ ಹಬ್ಬಕ್ಕೆ ಮಗಳಿಗೆ ರೇಷ್ಮೆ ಲಂಗ ಉಡಿಸಿ ಕರೆದೊಯ್ದರೆ ಫೋಟೊ ಚೆನ್ನಾಗಿ ಬರುತ್ತದೆ, ಭಾಷೆ ಬರುವುದಿಲ್ಲ. ರಾತ್ರಿ ತಟ್ಟೆಯ ಮುಂದೆ ನೀನು ಆಡುವ ಮಾತೇ ಅವಳ ಕನ್ನಡ ಪಾಠ. ಏಳೂವರೆಗೆ ಫೋನು ಬೇರೆ ಕೋಣೆಯಲ್ಲಿರಲಿ.

ಹೆಂಡತಿಯೂ ದುಡಿಯುತ್ತಾಳೆ. ಮನೆಗೆಲಸಕ್ಕೆ ಹೆಲ್ಪರ್ ಇದ್ದಾಳಲ್ಲ ಅನ್ನಬೇಡ. ಅವಳಿಗೂ ವಾರದ ರಜೆಯಿದೆ, ಅದನ್ನು ದುಡ್ಡು ಕೊಟ್ಟು ಕೊಳ್ಳಲು ನೋಡಬೇಡ. ಭಾನುವಾರ ಅವಳು ಹೊರಟ ಮೇಲೆ ಅಡುಗೆಮನೆ ನಿನ್ನದು. ಸಾರು ಕೆಟ್ಟರೆ ಕೆಳಗೆ ಫುಡ್ ಸೆಂಟರ್ ಇದ್ದೇ ಇದೆ.