‘ಕರೆಸ್ಮೊ’ದಲ್ಲಿ ಅಡಗಿರುವ ನಲವತ್ತು

ಪ್ರಶ್ನೆ: ಎಸ್ಪೆರಾಂಟೊ ಭಾಷೆಯಲ್ಲಿ ಈಸ್ಟರ್ ಮುಂಚಿನ ಉಪವಾಸದ ಕಾಲಕ್ಕೆ ‘ಕರೆಸ್ಮೊ’ ಎನ್ನುತ್ತಾರೆ. ಗೋವಾ ಕಡೆಯ ನಮ್ಮ ನೆರೆಯವರು ಕೊಂಕಣಿಯಲ್ಲಿ ‘ಕೊರೆಜ್ಮ್’ ಎನ್ನುತ್ತಾರೆ. ಇವೆರಡಕ್ಕೂ ನಂಟಿದೆಯೇ?
– ಓದುಗರೊಬ್ಬರು, ಕಾತ್ರಜ, ಪುಣೆ

ಉತ್ತರ: ಖಂಡಿತ ಇದೆ. ನೆರೆಮನೆಯ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ್ದೀರಿ, ಸಂತೋಷ.

ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಕ್ವಾದ್ರಾಗೇಸಿಮಾ’, ಅಂದರೆ ‘ನಲವತ್ತನೆಯದು’. ಯೇಸು ಅಡವಿಯಲ್ಲಿ 40 ದಿನ ಉಪವಾಸವಿದ್ದುದರ ನೆನಪು ಈ ಎಣಿಕೆಗೆ ಆಧಾರ. ಕನ್ನಡದ ಕಥೋಲಿಕರು ಇದನ್ನೇ ‘ತಪಸ್ಸುಕಾಲ’ ಎನ್ನುತ್ತಾರೆ. ಲ್ಯಾಟಿನ್ ಪದ ಪೋರ್ಚುಗೀಸರ ಬಾಯಲ್ಲಿ ‘ಕ್ವರೆಸ್ಮ’ ಆಯಿತು. 1510ರಲ್ಲಿ ಅವರು ಗೋವೆಯನ್ನು ಗೆದ್ದ ಮೇಲೆ ಅವರ ಧರ್ಮದ ಜೊತೆಗೇ ಅದು ಕೊಂಕಣಿಗೂ ಬಂತು.

ಎಸ್ಪೆರಾಂಟೊ ಪದದ ದಾರಿ ಬೇರೆ. 1887ರಲ್ಲಿ ವಾರ್ಸಾದಲ್ಲಿ ಈ ಭಾಷೆಯನ್ನು ಪ್ರಕಟಿಸಿದ ಕಣ್ಣಿನ ವೈದ್ಯ ಜಾಮೆನ್‌ಹಾಫ್ ಪದಗಳನ್ನು ಶೂನ್ಯದಿಂದ ಹುಟ್ಟಿಸಲಿಲ್ಲ. ಹೆಚ್ಚಿನವನ್ನು ಯುರೋಪಿನ ಭಾಷೆಗಳಿಂದಲೇ ಆಯ್ದುಕೊಂಡರು. ‘ಕರೆಸ್ಮೊ’ದ ಮೊದಲ ‘ಕ’ ಫ್ರೆಂಚಿನ ‘ಕರೆಮ್’ನಲ್ಲಿರುವಂಥದು. ಆ ಫ್ರೆಂಚ್ ಪದದಲ್ಲಿ ಸಕಾರ ಸವೆದುಹೋಗಿದೆ, ಅದರ ಗುರುತಾಗಿ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಚಿಹ್ನೆ ಮಾತ್ರ ಉಳಿದಿದೆ. ಪೋರ್ಚುಗೀಸ್, ಇಟಾಲಿಯನ್‌ಗಳಲ್ಲಿ ಉಳಿದಿರುವ ಆ ಸಕಾರ ಎಸ್ಪೆರಾಂಟೊದಲ್ಲೂ ಇದೆ. ಕೊನೆಯ ‘ಒ’ ಅಲ್ಲಿನ ಎಲ್ಲ ನಾಮಪದಗಳಿಗೂ ಬರುವ ಪ್ರತ್ಯಯ. ಹೀಗಾಗಿ ನಿಮ್ಮ ಎರಡು ಪದಗಳು ಒಂದೇ ಮನೆತನದ ದಾಯಾದಿಗಳು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ.

ಎಸ್ಪೆರಾಂಟೊ ಕಲಿಯುವವರಿಗೆ ಇಲ್ಲೊಂದು ಗೊಂದಲವಾಗುವುದು ಸಹಜ. ಆ ಭಾಷೆಯಲ್ಲಿ ‘ಕರೆಸಿ’ ಎಂದರೆ ಮುದ್ದಿಸು, ನೇವರಿಸು. ಅದಕ್ಕೂ ‘ಕರೆಸ್ಮೊ’ಗೂ ಸಂಬಂಧವಿಲ್ಲ, ಅದು ‘ಪ್ರಿಯ’ ಎಂಬರ್ಥದ ಲ್ಯಾಟಿನ್ನಿನ ‘ಕಾರುಸ್’ನಿಂದ ಬಂದದ್ದು. ಇನ್ನು ನಲವತ್ತಕ್ಕೆ ಎಸ್ಪೆರಾಂಟೊದಲ್ಲಿ ‘ಕ್ವಾರ್‌ದೆಕ್’ ಎನ್ನುತ್ತಾರೆ: ‘ಕ್ವಾರ್’ ನಾಲ್ಕು, ‘ದೆಕ್’ ಹತ್ತು. ಬಿಡಿಸಿ ನೋಡಿದರೆ ಅರ್ಥವಾಗುವ ಪದಗಳಿಗೆ ಹೆಸರಾದ ಭಾಷೆಯಾದರೂ ‘ಕರೆಸ್ಮೊ’ವನ್ನು ಎಷ್ಟು ಬಿಡಿಸಿದರೂ ಆ ನಲವತ್ತು ಕಾಣುವುದಿಲ್ಲ. ಇಡೀ ಪದವನ್ನೇ ಎರವಲು ತಂದದ್ದು ಇದಕ್ಕೆ ಕಾರಣ.

ನೀವು ಪಂಚಾಂಗ ಹಿಡಿದು ಎಣಿಸಿದರೆ ಈ ಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಈಸ್ಟರ್ ಮುನ್ನಾದಿನದವರೆಗೆ 46 ದಿನ ಸಿಗುತ್ತವೆ. ಎಣಿಕೆ ತಪ್ಪಿಲ್ಲ: ಭಾನುವಾರ ಉಪವಾಸದ ದಿನವಲ್ಲವಾದ್ದರಿಂದ ಆರು ಭಾನುವಾರಗಳನ್ನು ಬಿಡುವುದು ವಾಡಿಕೆ. ಕಾತ್ರಜದಲ್ಲೇ ಜೈನರ ಆಗಮ ಮಂದಿರ ಇರುವುದರಿಂದ ಚಾತುರ್ಮಾಸ ನಿಮಗೆ ಪರಿಚಿತವೇ ಇರಬೇಕು. ಅಲ್ಲೂ ಹೆಸರಿನಲ್ಲಿರುವ ಎಣಿಕೆಗೂ ಪಂಚಾಂಗದ ಎಣಿಕೆಗೂ ಎಲ್ಲರಲ್ಲೂ ಹೊಂದಿಕೆಯಿಲ್ಲ. ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ಆದರೆ ನಮ್ಮ ಮಠಗಳ ಅನೇಕ ಯತಿಗಳು ಪಕ್ಷವನ್ನೇ ಮಾಸವೆಂದು ಎಣಿಸಿ, ಎರಡು ತಿಂಗಳಿಗೆ ಚಾತುರ್ಮಾಸ್ಯ ಮುಗಿಸುತ್ತಾರೆ.