ಹಳೆಯ ಲೇತೋ, ಹೊಸ ಸಣ್ಣ ಲೇತೋ?

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲೇ ಪಂಪಿನ ಶಾಫ್ಟು ಸವೆದು ಕುಳಿತರೆ ಆಗುವ ಪೇಚಾಟ ಬೆಳೆಗಾರ ಬಂಧುಗಳಿಗೆ ಹೊಸದಲ್ಲ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಬುಷ್ ಸಡಿಲವಾಗುತ್ತದೆ. ಪೇಟೆಯ ಟರ್ನರ್ ಬಳಿಗೆ ಹೋದರೆ ಅಲ್ಲಿ ನಮಗಿಂತ ಮುಂದೆ ಹತ್ತು ಜನ. ಮಳೆ ಬಿಟ್ಟ ಎರಡು ದಿನ ಹೀಗೆ ಕಳೆದುಹೋದರೆ ಮತ್ತೆ ಬಿಡುವು ಸಿಗುವುದು ಯಾವಾಗಲೋ. ಈ ಕಾರಣದಿಂದ ನಾವು ನೆರೆಯ ಮೂರು ಮನೆಯವರು ಕೂಡಿ ಒಂದು ಲೇತ್ ಕೊಂಡೆವು. ಕೊಳ್ಳುವಾಗ ಎಡವಿದೆವು. ಈಗ ಇನ್ನೂ ಕೆಲವರು ಕೊಳ್ಳಲು ಹೊರಟು ನಮ್ಮನ್ನು ವಿಚಾರಿಸುತ್ತಿರುವುದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಳೆಯ ಲೇತ್ ಎಂದರೆ ನಮ್ಮ ಕಡೆ ಹೆಚ್ಚಾಗಿ ಮುಚ್ಚಿದ ವರ್ಕ್‌ಶಾಪುಗಳ ಮಾಲು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಇಲ್ಲ, ಆದರೆ ಅದರ ಲೇತ್‌ಗಳು ಇನ್ನೂ ದುಡಿಯುತ್ತಿವೆ. ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್ ಕಡೆಯ ನಾಲ್ಕೂವರೆ ಅಡಿ ಬೆಡ್ಡಿನ ಲೇತ್‌ಗಳೂ ಸಿಗುತ್ತವೆ. ಹೊಸತರಲ್ಲಿ ಅಗ್ಗದ್ದು ಚೀನಾದಿಂದ ಬರುವ, ಮೇಜಿನ ಮೇಲಿಡುವ ಸಣ್ಣ ಲೇತ್. ಸುಮಾರು 180 ಮಿ.ಮೀ. ವ್ಯಾಸದ, 300 ಮಿ.ಮೀ. ಉದ್ದದ ಕೆಲಸ ಅದರಲ್ಲಿ ಹಿಡಿಯುತ್ತದೆ. ತೂಕ ಸುಮಾರು 40 ಕಿಲೋ.

ನಾವು ಕೊಂಡದ್ದು ಹಳೆಯದು. ಹೊಸದಾಗಿ ಹಸಿರು ಬಣ್ಣ ಬಳಿದಿತ್ತು. ಅಡ್ಡ ಸ್ಲೈಡಿನ ಕೈಚಕ್ರ ಕಾಲು ಸುತ್ತು ಸುಮ್ಮನೆ ತಿರುಗಿತೆಂದು ಬೆಲೆ ಇಳಿಸಿ ಗೆದ್ದೆವೆಂದುಕೊಂಡೆವು. ವಾಸ್ತವವಾಗಿ ಅದು ಸಣ್ಣ ದೋಷ. ಒಂದು ಗನ್‌ಮೆಟಲ್ ನಟ್ ಬದಲಿಸಿದರೆ ಸರಿಹೋಗುತ್ತದೆ. ದೊಡ್ಡ ದೋಷ ಬೆಡ್ಡಿನಲ್ಲಿತ್ತು, ಅದನ್ನು ನಾವು ನೋಡಲೇ ಇಲ್ಲ. ವರ್ಕ್‌ಶಾಪಿನಲ್ಲಿ ನೂರಕ್ಕೆ ತೊಂಬತ್ತು ಕೆಲಸ ಗಿಡ್ಡ ಕೆಲಸ. ಹೀಗಾಗಿ ಸ್ಯಾಡಲ್ ವರ್ಷಗಟ್ಟಲೆ ಚಕ್ಕಿನ ಹತ್ತಿರದ ಒಂದಡಿಯಲ್ಲೇ ಓಡಾಡಿ ಅಷ್ಟು ಜಾಗವನ್ನು ಮಾತ್ರ ಸವೆಸುತ್ತದೆ. ಅಂಥ ಬೆಡ್ಡಿನ ಮೇಲೆ ಕಡೆದ ಶಾಫ್ಟು ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ನಮ್ಮ ಮೊದಲ ಶಾಫ್ಟು ಬೇರಿಂಗಿನಲ್ಲಿ ಒಂದು ಕಡೆ ಬಿಗಿಯಾಗಿ ಕೂತು, ಇನ್ನೊಂದು ಕಡೆ ಅಲ್ಲಾಡಿ, ಆಯಿಲ್ ಸೀಲನ್ನು ವಾರದಲ್ಲಿ ತಿಂದುಹಾಕಿತು. ಬೆಡ್ಡನ್ನು ಗ್ರೈಂಡ್ ಮಾಡಿಸಬಹುದು. ಆದರೆ ಆಮೇಲೆ ಸ್ಯಾಡಲ್ ತಗ್ಗಿ ಲೀಡ್ ಸ್ಕ್ರೂವಿಗೆ ಹೊಂದುವುದಿಲ್ಲ, ಅದನ್ನೂ ಎತ್ತರಿಸಬೇಕು. ಲಾರಿ ಬಾಡಿಗೆಯೂ ಸೇರಿ ಖರ್ಚು ಕೊಂಡ ಬೆಲೆಯನ್ನೇ ಮೀರಿತು.

ಇದನ್ನು ಐದು ನಿಮಿಷದಲ್ಲಿ ಪರೀಕ್ಷಿಸಬಹುದಾಗಿತ್ತು. ಸ್ಯಾಡಲನ್ನು ಚಕ್ಕಿನ ಬಳಿ ತಂದು, ಕಷ್ಟದಿಂದ ಮಾತ್ರ ಸರಿಯುವಷ್ಟು ಅದರ ಲಾಕ್ ಬೋಲ್ಟನ್ನು ಬಿಗಿಮಾಡಿ, ಬಳಿಕ ಟೈಲ್‌ಸ್ಟಾಕಿನ ಕಡೆಗೆ ಓಡಿಸಬೇಕು. ಮಧ್ಯೆ ಎಲ್ಲೋ ಕಚ್ಚಿ ನಿಂತರೆ ಚಕ್ಕಿನ ಬಳಿ ಬೆಡ್ ಸವೆದಿದೆ ಎಂದೇ ತಿಳಿಯಬೇಕು. ವಿದ್ಯುತ್ ಇದ್ದರೆ ದಪ್ಪನೆಯ ಸರಳೊಂದನ್ನು ಚಕ್ಕಿಗೆ ಕಚ್ಚಿಸಿ, ನಾಲ್ಕಿಂಚು ಉದ್ದ ತೆಳುವಾಗಿ ಕಡೆದು, ಎರಡೂ ತುದಿಯನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ನಮ್ಮ ತೋಟದ ಕೆಲಸಕ್ಕೆ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು ವ್ಯತ್ಯಾಸ ನಡೆಯುತ್ತದೆ. ಆದರೆ ಒಂದು ಎಚ್ಚರಿಕೆ: ನೆಲ ಸಮವಿಲ್ಲದೆ ಬೆಡ್ ತಿರುಚಿಕೊಂಡಿದ್ದರೂ ಇದೇ ದೋಷ ಕಾಣುತ್ತದೆ. ಕಾಲಿನಡಿಗೆ ತಗಡು ಕೊಟ್ಟು ಮಟ್ಟಮಾಡಿ ಇನ್ನೊಮ್ಮೆ ನೋಡದೆ ಮಾರುವವರನ್ನು ದೂರಬಾರದು.

ಗೇರುಗಳ ಹಲ್ಲು ಮುರಿದಿದೆಯೇ, ಥ್ರೆಡ್ ಹಾಕುವ ಬದಲಿ ಗೇರುಗಳೆಲ್ಲ ಇವೆಯೇ ಎಂದು ಎಣಿಸಿ ನೋಡಿ. ಹಳೆಯ ಲೇತ್‌ಗಳಲ್ಲಿ ಹಲವು ಇಂಚಿನ ಲೀಡ್ ಸ್ಕ್ರೂವಿನವು. ಅವುಗಳಲ್ಲಿ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಹಾಕಲು 127 ಹಲ್ಲಿನ ಗೇರು ಬೇಕು.

ಹೊಸ ಸಣ್ಣ ಲೇತಿನ ಗುಣ, ಅದು ಮನೆಯ ಸಿಂಗಲ್ ಫೇಸಿನಲ್ಲಿ ಓಡುತ್ತದೆ. ಹಳೆಯದರ ಮೋಟಾರು ಸಾಮಾನ್ಯವಾಗಿ ತ್ರೀ ಫೇಸಿನದು. ಹಳ್ಳಿಯಲ್ಲಿ ತ್ರೀ ಫೇಸ್ ಬರುವ ಹೊತ್ತು ನಮಗೆಲ್ಲ ಗೊತ್ತೇ ಇದೆ, ರಾತ್ರಿ ಎರಡು ಗಂಟೆಗೆ ಶಾಫ್ಟು ಕಡೆಯುವವರು ಯಾರು? ಅದಕ್ಕೆ ಸಿಂಗಲ್ ಫೇಸ್ ಮೋಟಾರು ಕೂರಿಸುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಇನ್ನು ಹೊಸದರ ದೌರ್ಬಲ್ಯ ಅದರ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಾರ್ಡು. ಮಳೆಗಾಲದಲ್ಲಿ ವೋಲ್ಟೇಜು ಏರಿಳಿಯುವಾಗ ಸ್ಟೆಬಿಲೈಸರ್ ಇಲ್ಲದೆ ಓಡಿಸಬಾರದು. ಪ್ಲಾಸ್ಟಿಕ್ ಗೇರುಗಳನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ಸಿಕ್ಕಿಕೊಂಡಾಗ ಅವು ತಾವು ಮುರಿದು ಉಳಿದದ್ದನ್ನು ಕಾಯುತ್ತವೆ, ಬದಲಿಯೂ ಅಗ್ಗ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಓಡಿಸುವಂತಿಲ್ಲ. ಗ್ರೀಸು ತೊಳೆದು, ಸ್ಲೈಡುಗಳನ್ನು ಬಿಗಿಮಾಡಲು ಎರಡು ದಿನ ಬೇಕು. ಭಾರವಿಲ್ಲದ ಯಂತ್ರವಾದ್ದರಿಂದ ತೆಳುವಾಗಿಯೇ ಕಡೆಯಬೇಕು, ಆತುರಪಟ್ಟರೆ ನಡುಗುತ್ತದೆ.

ನಮ್ಮ ಅಭಿಪ್ರಾಯ ಹೀಗಿದೆ. ಪಂಪಿನ ಬುಷ್, ಕಳೆ ಕತ್ತರಿಸುವ ಯಂತ್ರದ ಪಿನ್ನು, ವಾಷರ್ ಇಷ್ಟೇ ಕೆಲಸವಿರುವ ಒಂದು ಮನೆಗೆ ಹೊಸ ಸಣ್ಣದು ಸಾಕು. ಪಲ್ಪರಿನ ಉದ್ದ ಶಾಫ್ಟು ಅದರಲ್ಲಿ ಕೂರುವುದಿಲ್ಲ. ಮೂರು ನಾಲ್ಕು ಮನೆ ಕೂಡಿದರೆ, ಬೆಡ್ ಪರೀಕ್ಷೆಯಲ್ಲಿ ಗೆದ್ದ ಹಳೆಯದೇ ಲೇಸು. ಪರೀಕ್ಷಿಸಲು ಮಾರುವವರು ಬಿಡದಿದ್ದರೆ ಎದ್ದು ಬನ್ನಿ.

ಸಾಗಿಸುವಾಗ ಟೈಲ್‌ಸ್ಟಾಕನ್ನು ಬಿಚ್ಚಿ ಬೇರೆ ಇಡಿ, ಹಗ್ಗವನ್ನು ಬೆಡ್ಡಿಗೆ ಹಾಕಿ, ಸ್ಪಿಂಡಲ್ಲಿಗಲ್ಲ. ಲೇತಿನ ಭಾರವೆಲ್ಲ ಮೇಲ್ಭಾಗದಲ್ಲಿರುವುದರಿಂದ ಪಿಕಪ್ಪಿನಲ್ಲಿ ನಿಲ್ಲಿಸಿ ತಂದರೆ ಘಾಟಿಯ ಮೊದಲ ತಿರುವಿನಲ್ಲೇ ಮಗುಚುತ್ತದೆ.