ಅರಚುವ ಹಕ್ಕಿಗೆ ಓಗೊಡಬೇಡಿ

ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ, ಇಲ್ಲಿ ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬದವರೊಬ್ಬರು ಫೋನನ್ನು ನನ್ನ ಕಿವಿಗೇ ಹಿಡಿದರು. "ಮೇಡಂ, ನೀವು ಹಕ್ಕಿ ಸಾಕಿದ್ದೀರಂತೆ. ಸ್ವಲ್ಪ ಇದನ್ನ ಕೇಳಿ, ದಿನಾ ಇದೇ ಗೋಳು." ಕೇಳಿದೆ. ಹಕ್ಕಿ ಕಿರುಚಿತು. ಕೂಡಲೇ ಗಂಡಸಿನ ದನಿ: "ಏ, ಸುಮ್ನಿರೋ!" ಹಕ್ಕಿ ಇನ್ನೂ ಜೋರಾಗಿ ಕಿರುಚಿತು. ಮಗುವೊಂದು ದಡದಡನೆ ಓಡಿ ಬಂದ ಸದ್ದು: "ಅಪ್ಪಾ, ಮತ್ತೆ ಶುರು ಮಾಡ್ತು ನೋಡು!" ಹಕ್ಕಿಯ ದನಿ ಮತ್ತೂ ಏರಿತು. ಒಳಗಿನಿಂದ ಅಜ್ಜಿ: "ಪಾಪ, ಹಸಿವೋ ಏನೋ, ಎರಡು ಗೋಡಂಬಿ ಹಾಕ್ರೋ." ಆಮೇಲೆ ಒಂದರೆಗಳಿಗೆ ನಿಶ್ಶಬ್ದ. ಗೋಡಂಬಿ ಮುಗಿಯುವವರೆಗೆ.

ಹಕ್ಕಿಗೆ ಏನಾಗಿದೆ ಎಂದು ಅವರು ಕೇಳಿದರು. ಹಕ್ಕಿಗೆ ಏನೂ ಆಗಿರಲಿಲ್ಲ. ಒಂದು ಸಲ ಕೂಗಿದರೆ ಮೂರು ತಲೆಮಾರು ಎದ್ದು ಬಂದು ನಿಲ್ಲುತ್ತದೆ, ಮೇಲೆ ಗೋಡಂಬಿ ಬೇರೆ. ನಾನಾದರೂ ಕಿರುಚುತ್ತಿದ್ದೆ. ಅಷ್ಟರಲ್ಲಿ ಬಿಸಿಬೇಳೆಬಾತಿನ ಸೌಟು ನಮ್ಮ ಹತ್ತಿರ ಬಂತು, ಮಾತು ಅಲ್ಲಿಗೇ ನಿಂತಿತು. ಲಾಕ್‌ಡೌನಿನ ಆಚೆಗೆ ನಮ್ಮವರ ಮನೆಗಳಲ್ಲಿ ಹಕ್ಕಿ ಸಾಕುವುದು ಹೆಚ್ಚಾಗಿದೆ, ಹೀಗೆ ಕೇಳುವವರೂ ಹೆಚ್ಚಾಗಿದ್ದಾರೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆದುಬಿಡುತ್ತೇನೆ. ಪಂಜರ ಎಷ್ಟು ದೊಡ್ಡದಿರಬೇಕು, ಯಾವ ಕಾಳು ತರಬೇಕು, ಮನೆ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಬೇಕು, ಇವೆಲ್ಲ ನಿಮಗೆ ಗೊತ್ತಿರುತ್ತದೆ, ಹೇಳುವುದಿಲ್ಲ.

ಅವರದು ಸನ್ ಕನ್ಯೂರ್. ಕಿತ್ತಳೆ, ಹಳದಿ ಬಣ್ಣದ, ನೋಡಿದರೆ ಅರಿಶಿನ ಕುಂಕುಮದ ಬಟ್ಟಲು ಮಗುಚಿಕೊಂಡ ಹಾಗೆ ಕಾಣುವ ಹಕ್ಕಿ. ಮಕ್ಕಳು ಫೋಟೋ ನೋಡಿಯೇ ಸೋತುಹೋಗುತ್ತಾರೆ. ತೂಕ ನೂರು ಗ್ರಾಂ ಚಿಲ್ಲರೆ, ಬಾಲ ಸೇರಿ ಒಂದಡಿ ಉದ್ದ. ಗಂಟಲು ಮಾತ್ರ ಆನೆಯ ಗಾತ್ರದ ಪ್ರಾಣಿಗೆ ಕೊಡಬೇಕಾಗಿದ್ದದ್ದು. ಅದರ ಮೂಲ ದಕ್ಷಿಣ ಅಮೆರಿಕದ ಈಶಾನ್ಯ ಭಾಗ, ಗಯಾನಾ ಮತ್ತು ಬ್ರೆಜಿಲ್‌ನ ರೊರೈಮಾ ಕಡೆ. ಅಲ್ಲಿ ಗುಂಪುಗುಂಪಾಗಿ ಹಾರುತ್ತ, ಕಣ್ಣಿಗೆ ಕಾಣದ ಸಂಗಾತಿಗೂ ಕೇಳಲಿ ಎಂದು ಕೂಗುವ ಹಕ್ಕಿ ಇದು. ಹಿಡಿದು ಮಾರಿ ಮಾರಿ ಕಾಡಿನಲ್ಲಿ ಈಗ ಅಪಾಯದಂಚಿಗೆ ಬಂದಿದೆ. ರೆಡಿಂಗೋ ಸ್ಲೌವೋ, ಎಲ್ಲೇ ಆಗಲಿ, ಪಕ್ಕದವರಿಗೂ ನಮಗೂ ಒಂದೇ ಗೋಡೆ ಇರುವ ಸೆಮಿ ಮನೆಯೊಳಗೆ ಅದನ್ನು ತಂದಿಟ್ಟರೆ ಗಂಟಲೇನೂ ಸಣ್ಣದಾಗುವುದಿಲ್ಲ.

ಆದ್ದರಿಂದ ಮೊದಲು ಒಂದು ಮಾತು ಒಪ್ಪಿಕೊಳ್ಳಿ: ಗಿಳಿ ಜಾತಿಯ ಹಕ್ಕಿ ದಿನಕ್ಕೆ ಎರಡು ಹೊತ್ತು, ಬೆಳಕು ಹರಿದಾಗ ಮತ್ತು ಮುಳುಗುವಾಗ, ಕೂಗಿಯೇ ಕೂಗುತ್ತದೆ. ಊರಲ್ಲಿ ಸಂಜೆ ಹೊತ್ತು ಆಲದ ಮರದ ಕೆಳಗೆ ನಿಂತರೆ ಗಿಳಿ, ಗೊರವಂಕಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಆಗ ಅದನ್ನು ಕಲರವ ಎನ್ನುತ್ತಿದ್ದೆವು, ಮರ ನಮ್ಮ ಹಾಲ್‌ನಲ್ಲಿ ಇರಲಿಲ್ಲವಲ್ಲ. ಆ ಹತ್ತು ಇಪ್ಪತ್ತು ನಿಮಿಷವನ್ನು ನಿಲ್ಲಿಸಲು ಹೋಗಬೇಡಿ, ಆಗುವುದೂ ಇಲ್ಲ. ನೀವು ಕೋಣೆಯಿಂದ ಆಚೆ ಹೋದಾಗ ಒಂದೆರಡು ಸಲ ಕೂಗುವುದೂ ಸಹಜವೇ, "ಎಲ್ಲಿದ್ದೀಯಾ" ಅಂತ ಕೇಳುವ ಕೂಗು ಅದು. ತೊಂದರೆ ಎನ್ನುವುದು ಇದರಾಚೆಗೆ, ಗಂಟೆಗಟ್ಟಲೆ ನಡೆಯುವ ಅರಚಾಟ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸುಮ್ಮನಿದ್ದ ಹಕ್ಕಿ ಇದ್ದಕ್ಕಿದ್ದ ಹಾಗೆ ಅರಚಲು ಶುರುಮಾಡಿದರೆ, ಅಥವಾ ಅರಚುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಮೌನವಾದರೆ, ವೈದ್ಯರಿಗೆ ತೋರಿಸಿ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಮೈ ಉಬ್ಬಿಸಿಕೊಂಡು ಕೂತಿರುವುದು, ಉಸಿರಿಗೊಮ್ಮೆ ಬಾಲ ಆಡಿಸುವುದು, ಪಂಜರದ ತಳದಲ್ಲಿ ಕೂರುವುದು, ಹಿಕ್ಕೆ ಬದಲಾಗುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನಬೇಡಿ. ನಾಯಿ ಬೆಕ್ಕು ನೋಡುವ ಎಲ್ಲ ಕ್ಲಿನಿಕ್ಕುಗಳಲ್ಲೂ ಹಕ್ಕಿ ನೋಡುವವರು ಇರುವುದಿಲ್ಲ. ಫೋನ್ ಮಾಡುವಾಗಲೇ ಏವಿಯನ್ ವೆಟ್ ಇದ್ದಾರೆಯೇ ಎಂದು ಕೇಳಿ.

ಈಗ ಗೋಡಂಬಿಗೆ ಬರುತ್ತೇನೆ.

ಹಕ್ಕಿ ಅರಚಿದಾಗ ನೀವು ಮಾಡುವ ಯಾವುದೇ ಕೆಲಸ ಅದಕ್ಕೆ ಉತ್ತರ. ಓಡಿ ಬಂದರೆ ಉತ್ತರ, ಬೈದರೂ ಉತ್ತರ. ಬೈಗುಳ ಎಂದರೇನು ಅಂತ ಅದಕ್ಕೇನು ಗೊತ್ತು? ಗುಂಪಿನವರು ತಿರುಗಿ ಕೂಗಿದರು, ಅಷ್ಟೇ ಅದರ ಲೆಕ್ಕ. ಪಂಜರದ ಮೇಲೆ ಬಡಿಯುವುದು, ಮುಖಕ್ಕೆ ನೀರು ಚಿಮುಕಿಸುವುದು, ಹಗಲಲ್ಲೇ ಬೆಡ್‌ಶೀಟ್ ಹೊದಿಸಿ ಕತ್ತಲೆ ಮಾಡುವುದು, ಇವು ಹಕ್ಕಿಯನ್ನು ಹೆದರಿಸುತ್ತವೆ. ಹೆದರಿದ ಹಕ್ಕಿ ಇನ್ನಷ್ಟು ಅರಚುತ್ತದೆ, ಇಲ್ಲವೇ ತನ್ನ ಪುಕ್ಕ ತಾನೇ ಕಿತ್ತುಕೊಳ್ಳಲು ಶುರುಮಾಡುತ್ತದೆ.

ಮಾಡಬೇಕಾದ್ದು ಇಷ್ಟು: ಅರಚುವಾಗ ತಿರುಗಿ ನೋಡಬೇಡಿ, ಮಾತಾಡಬೇಡಿ, ಸಾಧ್ಯವಾದರೆ ಕೋಣೆಯಿಂದಲೇ ಎದ್ದುಹೋಗಿ. ಬಾಯಿ ಮುಚ್ಚಿದ ಕ್ಷಣ, ಉಸಿರು ತೆಗೆದುಕೊಳ್ಳಲು ನಿಂತ ಮೂರ್ನಾಲ್ಕು ಸೆಕೆಂಡಾದರೂ ಸರಿ, ಒಳಗೆ ಬಂದು ಮಾತಾಡಿಸಿ, ಒಂದು ಸೂರ್ಯಕಾಂತಿ ಬೀಜ ಕೊಡಿ. ದಿನ ಕಳೆದ ಹಾಗೆ ಆ ಸೆಕೆಂಡುಗಳನ್ನು ಹಿಗ್ಗಿಸುತ್ತಾ ಹೋಗಿ. ಜೊತೆಗೆ ಅರಚುವುದರ ಬದಲು ಬೇರೊಂದು ಸದ್ದು ಕಲಿಸಿ: ಸಣ್ಣ ಶಿಳ್ಳೆ, ಚುಂಬನದ ಚಪ್ ಸದ್ದು, ಒಂದು ಪದ, ಏನಾದರೂ ಆದೀತು. ಅದು ಆ ಸದ್ದು ಮಾಡಿದಾಗ ಮಾತ್ರ, ನೀವು ಅಡುಗೆಮನೆಯಲ್ಲಿದ್ದರೂ ಮಹಡಿಯಲ್ಲಿದ್ದರೂ, ತಪ್ಪದೆ ಉತ್ತರ ಕೊಡಿ. ನಮ್ಮ ಗುಂಡಣ್ಣ ಕಾಕಟೀಲ್. ಅವನು ಇವತ್ತಿಗೂ ನಾನು ಮೆಟ್ಟಿಲು ಹತ್ತಿದರೆ ಕುಕ್ಕರಿನ ಮೊದಲ ವಿಷಲ್ಲಿನಷ್ಟು ಮೆಲ್ಲಗೆ ಒಂದು ಶಿಳ್ಳೆ ಹಾಕುತ್ತಾನೆ, ನಾನೂ ಹಾಕುತ್ತೇನೆ. ಟೀಮ್ಸ್ ಮೀಟಿಂಗಿನ ನಡುವೆ ಕೂಡ ಹಾಕಿದ್ದೇನೆ, ಆಫೀಸಿನವರಿಗೆ ಅಭ್ಯಾಸವಾಗಿದೆ.

ಇಲ್ಲೇ ಎಲ್ಲರೂ ಜಾರುವುದು. ಉತ್ತರ ನಿಲ್ಲಿಸಿದ ಮೊದಲ ದಿನಗಳಲ್ಲಿ ಅರಚಾಟ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಇಷ್ಟು ದಿನ ಕೆಲಸ ಮಾಡಿದ ಕೂಗು ಇವತ್ತು ಯಾಕೆ ನಡೆಯುತ್ತಿಲ್ಲ ಎಂದು ಅದು ದನಿ ಏರಿಸಿ ನೋಡುತ್ತದೆ. ಆ ಶಿಖರದಲ್ಲಿ ಮನೆಯವರ ಪೈಕಿ ಒಬ್ಬರು ಸೋತು ಹೋಗಿ ಏನಾದರೂ ಕೊಟ್ಟುಬಿಡುತ್ತಾರೆ. ಮುಗಿಯಿತು. ಇಷ್ಟು ಜೋರಾಗಿ, ಇಷ್ಟು ಹೊತ್ತು ಕೂಗಿದರೆ ಸಿಗುತ್ತದೆ ಎಂಬ ಹೊಸ ಪಾಠ ಆಗಿಹೋಯಿತು. ಒಮ್ಮೊಮ್ಮೆ ಸಿಗುವುದು ಯಾವಾಗಲೂ ಸಿಗುವುದಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಅಪ್ಪ, ಅಮ್ಮ, ಮಕ್ಕಳು ಎಲ್ಲ ಕೂತು ಒಂದೇ ನಿಯಮ ಮಾಡಿಕೊಳ್ಳಿ. ಮತ್ತು ದಯವಿಟ್ಟು, ಆರು ತಿಂಗಳ ವೀಸಾದ ಮೇಲೆ ಬಂದಿರುವ ಅಜ್ಜಿಯನ್ನೂ ಕೂರಿಸಿಕೊಳ್ಳಿ.

ಅಜ್ಜಿಯರ ಬಗ್ಗೆ ನನಗೆ ಸಿಟ್ಟಿಲ್ಲ. ಹಗಲೆಲ್ಲ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಹೊರಗೆ ಮಳೆ, ಬೀದಿಯಲ್ಲಿ ಮಾತಾಡಲು ನರಪಿಳ್ಳೆ ಇಲ್ಲ. ಮನೆಯಲ್ಲಿ ಬಾಯಿ ಇರುವುದು ಆ ಹಕ್ಕಿಗೆ ಮಾತ್ರ. ಅದು ಕರೆದರೆ ಹೇಗೆ ಸುಮ್ಮನಿರಬೇಕು? ಸುಮ್ಮನಿರಿ ಎಂದರೆ ಅವರು ಕೇಳುವುದೂ ಇಲ್ಲ. ಅದರ ಬದಲು ಅವರಿಗೊಂದು ಕೆಲಸ ಕೊಡಿ. ಬೆಳಗ್ಗೆ ಹತ್ತಕ್ಕೆ, ಹಕ್ಕಿ ಸುಮ್ಮನಿರುವಾಗ, ಕಾಗದದ ಬಟ್ಟಲಲ್ಲಿ ಕಾಳು ಸುತ್ತಿ ಮಡಚಿಡುವುದು. ಟಿಶ್ಯೂ ರೋಲಿನ ರಟ್ಟಿನೊಳಗೆ ಮುಸುಕಿನ ಜೋಳದ ಕಾಳು ತುಂಬಿ ಎರಡೂ ಬದಿ ಅಮುಕುವುದು. ಕೊತ್ತಂಬರಿ ಸೊಪ್ಪಿನ ಕಟ್ಟು, ಒಂದು ಹಸಿಮೆಣಸಿನಕಾಯಿ ತೂಗುಹಾಕುವುದು. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ಹತ್ತುವುದಿಲ್ಲ, ಊರಿನ ಗಿಳಿ ತಿನ್ನುವುದನ್ನು ಅವರು ನೋಡಿಯೇ ಇರುತ್ತಾರೆ. ಅರ್ಧ ಗಂಟೆ ಕೆದಕಿ ತಿನ್ನುವ ಹಕ್ಕಿಗೆ ಅರಚಲು ಪುರುಸೊತ್ತಿರುವುದಿಲ್ಲ. ಬೆಣ್ಣೆಹಣ್ಣು ಮಾತ್ರ ಒಂದು ಚೂರೂ ಕೂಡದು, ಅದು ಗಿಳಿಗಳಿಗೆ ವಿಷ. ಚಾಕೊಲೇಟು, ಕಾಫಿಯೂ ಅಷ್ಟೇ. ಲೋಟದಲ್ಲಿ ಉಳಿದ ಡಿಕಾಕ್ಷನ್ ಎಂದು ಸಲಿಗೆ ಬೇಡ.

ಈ ದೇಶದ್ದೇ ಆದ ಇನ್ನೊಂದು ತೊಂದರೆ ಇದೆ, ಅದು ನಮ್ಮವರಿಗೆ ಮೊದಲ ಬೇಸಿಗೆಯಲ್ಲಿ ಹೊಳೆಯುವುದೇ ಇಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲಂಡನ್ನಿನ ಸುತ್ತಮುತ್ತ ಜೂನ್ ತಿಂಗಳಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 4.45ರ ಹೊತ್ತಿಗೆ, ಮುಳುಗುವುದು ರಾತ್ರಿ 9.20ಕ್ಕೆ. ಗಿಳಿ ಜಾತಿಗೆ ಹತ್ತು ಹನ್ನೆರಡು ಗಂಟೆ ಕತ್ತಲೆಯ ನಿದ್ದೆ ಬೇಕು. ನಿದ್ದೆಗೆಟ್ಟ ಹಕ್ಕಿ ನಿದ್ದೆಗೆಟ್ಟ ಎರಡು ವರ್ಷದ ಮಗುವಿಗಿಂತ ಕಡೆ. ಸಾಲದ್ದಕ್ಕೆ ಹಗಲು ಉದ್ದವಾದಷ್ಟೂ ಅದಕ್ಕೆ ಮರಿ ಮಾಡುವ ಕಾಲ ಬಂತು ಎನ್ನಿಸುತ್ತದೆ, ಸಿಡುಕು, ಕಚ್ಚಾಟ, ಕಿರುಚಾಟ ಎಲ್ಲ ಏರುತ್ತವೆ. ಕಿಟಕಿಗೆ ಬ್ಲ್ಯಾಕೌಟ್ ಪರದೆ ಹಾಕಿ, ರಾತ್ರಿ ಎಂಟಕ್ಕೆ ಮಲಗಿಸಿ, ಬೆಳಗ್ಗೆ ಏಳಕ್ಕೆ ತೆರೆಯಿರಿ. ನಾಲ್ಕು ಮುಕ್ಕಾಲರ ಸುಪ್ರಭಾತ ಇದೊಂದರಿಂದಲೇ ನಿಂತ ಮನೆಗಳುಂಟು. ಡಿಸೆಂಬರಿನಲ್ಲಿ ತೊಂದರೆ ತಿರುಗುಮುರುಗು: ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾದರೂ ಹಾಲ್‌ನಲ್ಲಿ ಟಿವಿ, ದೀಪ ರಾತ್ರಿ ಹನ್ನೊಂದರವರೆಗೆ ಉರಿಯುತ್ತವೆ. ಮಲಗುವುದಕ್ಕೆಂದೇ ಒಂದು ಸಣ್ಣ ಪಂಜರವನ್ನು ಸದ್ದಿಲ್ಲದ ಕೋಣೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಆ ಕೋಣೆ ಅಡುಗೆಮನೆಯಾಗಿರಬಾರದು. ಹಾಲ್‌ನ ಗೋಡೆಯಾಚೆ ಪಕ್ಕದವರಿದ್ದಾರೆ, ಹಿಂದಿನ ಅಡುಗೆಮನೆಗೆ ತಳ್ಳೋಣ ಎಂದು ಎಷ್ಟೋ ಜನ ಯೋಚಿಸುತ್ತಾರೆ. ನಾನ್‌ಸ್ಟಿಕ್ ದೋಸೆ ತವಾ ಖಾಲಿ ಕಾದು ಹೊಗೆಯಾಡಿದರೆ ಅದರ ಲೇಪದಿಂದ ಹೊರಡುವ ಗಾಳಿ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ವಾಸನೆ ಬರಬೇಕೆಂದಿಲ್ಲ, ನಮಗೇನೂ ಆಗಬೇಕೆಂದಿಲ್ಲ. ಗಾಳಿಯನ್ನು ನಮಗಿಂತ ಚೆನ್ನಾಗಿ ಹೀರಿಕೊಳ್ಳುವ ಶ್ವಾಸಾಂಗವೇ ಅದಕ್ಕೆ ಶತ್ರು. ಕಲ್ಲಿದ್ದಲ ಗಣಿಗೆ ಕೆನರಿ ಹಕ್ಕಿ ಒಯ್ಯುತ್ತಿದ್ದದ್ದು ಇದೇ ದೇಶದಲ್ಲಿ, ಇದೇ ಕಾರಣಕ್ಕೆ. ಮನೆಗೆ ಹಕ್ಕಿ ಬಂದ ದಿನ ನಾನ್‌ಸ್ಟಿಕ್ ಹೊರಗೆ ಹೋಗಬೇಕು. ಸೂಟ್‌ಕೇಸಿನಲ್ಲಿ ಭಾರ ಅಂತ ಊರಲ್ಲೇ ಬಿಟ್ಟು ಬಂದ ಕಬ್ಬಿಣದ ಕಾವಲಿಯನ್ನು ಮುಂದಿನ ಸಲ ತನ್ನಿ, ದೋಸೆಯೂ ಅದರ ಮೇಲೇ ಚೆನ್ನ. ಸಾಂಬ್ರಾಣಿ, ಊದುಬತ್ತಿ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಪ್ಲಗ್ಗಿಗೆ ಸಿಕ್ಕಿಸುವ ಸುವಾಸನೆಯ ಡಬ್ಬಿ, ಎಲ್ಲವೂ ಹಕ್ಕಿಯಿಂದ ದೂರ, ಬಾಗಿಲು ಮುಚ್ಚಿ, ಕಿಟಕಿ ತೆರೆದು.

ಪಕ್ಕದ ಮನೆಯವರ ವಿಷಯ. ಇಲ್ಲಿಯವರು ಬೇಲಿಯಾಚೆಯಿಂದ ನಕ್ಕು "ಲವ್ಲಿ ವೆದರ್" ಎನ್ನುತ್ತಲೇ ಇರುತ್ತಾರೆ, ಒಂದು ದಿನ ಕೌನ್ಸಿಲಿನಿಂದ ಪತ್ರ ಬರುತ್ತದೆ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಕುಪ್ರಾಣಿಯ ಗದ್ದಲವೂ ಉಪದ್ರವ ಎನಿಸಬಹುದು. ಕೌನ್ಸಿಲಿಗೆ ಅದು ಮನವರಿಕೆಯಾದರೆ ಅಬೇಟ್‌ಮೆಂಟ್ ನೋಟಿಸ್ ಕೊಡುತ್ತದೆ, ಅದನ್ನು ಮೀರಿದರೆ ದಂಡ. ಮೊದಲ ಪತ್ರಕ್ಕೇ ಹೆದರಿ ಹಕ್ಕಿ ಮಾರಬೇಡಿ, ಹಾಗೆಂದು ಡ್ರಾಯರಿಗೂ ಹಾಕಬೇಡಿ. ಏನೇನು ಮಾಡುತ್ತಿದ್ದೀರಿ ಎಂದು ದಿನಾಂಕ ಹಾಕಿ ಬರೆದಿಟ್ಟು, ಅದನ್ನೇ ಉತ್ತರವಾಗಿ ಕಳಿಸಿ. ಅದಕ್ಕಿಂತ ಮೊದಲೇ ಬಾಗಿಲು ತಟ್ಟಿ, ಇನ್ನೊಂದಿಷ್ಟು ವಾರ ಗಲಾಟೆ ಹೆಚ್ಚಾಗಲಿದೆ, ಅಭ್ಯಾಸ ಬಿಡಿಸುತ್ತಿದ್ದೇವೆ ಎಂದು ಹೇಳಿಬಿಡಿ. ಪಂಜರವನ್ನು ಅವರ ಗೋಡೆಯಿಂದ ಎದುರು ಗೋಡೆಗೆ ಸರಿಸಿ. ದೀಪಾವಳಿಗೆ ಕೊಡುವ ಚಕ್ಕುಲಿಯನ್ನು ಸ್ವಲ್ಪ ಮುಂಚೆಯೇ ಕೊಟ್ಟರೂ ತಪ್ಪಿಲ್ಲ.

ಸಾಕಾಗಿಹೋಯಿತು, ಬಿಟ್ಟುಬಿಡುತ್ತೇವೆ ಎನ್ನುವವರೂ ಇದ್ದಾರೆ. ರಿಚ್ಮಂಡ್ ಪಾರ್ಕಿನಲ್ಲಿ ಅಷ್ಟೊಂದು ಹಸಿರು ಗಿಳಿಗಳು ಆರಾಮಾಗಿಲ್ಲವೇ, ಇದೂ ಸೇರಿಕೊಳ್ಳುತ್ತದೆ ಎಂಬ ವಾದ. ಅವು ಕತ್ತಿಗೆ ಉಂಗುರವಿರುವ ನಮ್ಮೂರ ಜಾತಿಯ ಗಿಳಿಗಳು. ಸಾಕಿದವರ ಕೈತಪ್ಪಿದವು ಮರಿ ಮಾಡಿ, ತಲೆಮಾರುಗಳಿಂದ ಈ ಚಳಿಗೆ ಒಗ್ಗಿಕೊಂಡಿವೆ. ಮೊದಲ ಚಳಿಗಾಲದಲ್ಲಿ ಅವುಗಳ ದನಿ ಕೇಳಿ ಮಂಜಿನಲ್ಲೇ ನಿಂತುಬಿಟ್ಟಿದ್ದೆ, ಅದು ಬೇರೆ ಮಾತು. ಬಟ್ಟಲಲ್ಲಿ ಊಟ ಕಂಡ ಸನ್ ಕನ್ಯೂರ್ ಜನವರಿ ದಾಟುವುದಿಲ್ಲ. ಹಾಗೆ ಪರದೇಶದ ಹಕ್ಕಿಯನ್ನು ಹೊರಗೆ ಬಿಡುವುದು 1981ರ ವನ್ಯಜೀವಿ ಕಾಯ್ದೆಯಡಿ ಇಲ್ಲಿ ಅಪರಾಧ ಕೂಡ. ಆಗುವುದೇ ಇಲ್ಲ ಎಂದಾದರೆ ಗಿಳಿಗಳನ್ನು ಪಡೆದು ಮನೆ ಹುಡುಕಿಕೊಡುವ ಸಂಸ್ಥೆಗಳಿವೆ. ನಿಮ್ಮ ಏವಿಯನ್ ವೆಟ್ ಅವರನ್ನೇ ಕೇಳಿ.

ಇನ್ನೂ ತಂದಿಲ್ಲದವರಿಗೆ: ಇದೇ ಮೊದಲ ಹಕ್ಕಿಯಾದರೆ, ಪಕ್ಕದಲ್ಲಿ ಗೋಡೆ ಹಂಚಿಕೊಂಡವರಿದ್ದರೆ, ಬಡ್ಜಿ ಅಥವಾ ಕಾಕಟೀಲ್ ನೋಡಿ. ಊರಲ್ಲಿ ಲವ್ ಬರ್ಡ್ಸ್ ಎಂದು ಮಾರುತ್ತಿದ್ದದ್ದು ಈ ಬಡ್ಜಿಯನ್ನೇ. ಇಲ್ಲಿ ಅದೇ ಹೆಸರು ಹೇಳಿದರೆ ಆಫ್ರಿಕಾದ ಬೇರೆ ಹಕ್ಕಿ ಕೊಡುತ್ತಾರೆ, ಅದರ ದನಿ ಚುಚ್ಚುತ್ತದೆ. ಕನ್ಯೂರೇ ಬೇಕು ಎಂದು ಮಕ್ಕಳು ಹಟ ಹಿಡಿದರೆ ಅದು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ, ಅವರು ಯೂನಿವರ್ಸಿಟಿಗೆ ಹೋದ ಮೇಲೆ ನಿಮ್ಮ ಜೊತೆಗೇ ಉಳಿಯುತ್ತದೆ ಎಂದು ತಿಳಿದು ಹೋಗಿ. ಮಾರುವವರು ಮಧ್ಯಾಹ್ನ ಎರಡಕ್ಕೆ ಬನ್ನಿ ಎನ್ನುತ್ತಾರೆ, ಹಕ್ಕಿ ತೂಕಡಿಸುವ ಹೊತ್ತು ಅದು. ಕತ್ತಲಾಗುವ ಮುಂಚೆ ಬರುತ್ತೇವೆ ಎನ್ನಿ, ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಒಂದು ಗಂಟೆ ಕೂತು ಕೇಳಿ.